ಹದಿನಾಲ್ಕು ಮುಖಗಳು

ಲಿಂಗಣ್ಣನ ಎಡಗಿವಿಯ ಹಿಂದಿನ ಗೋಡೆಯನ್ನು ಅಳಿಸುತ್ತಿದ್ದ ಮಾನಮ್ಮನ ಕೈ ತಡೆಯಿತು. ಇನ್ನೆರಡು ಸಲ ಮೌಸ್ ಎಳೆದರೆ ಗೋಡೆಯ ಜೊತೆ ಕಿವಿಯೂ ಹೋಗುತ್ತದೆ. ಹನ್ನೆರಡು ಅಡಿ ಉದ್ದದ ಫ್ಲೆಕ್ಸಿನಲ್ಲಿ ಒಂದು ಕಿವಿ ಇಲ್ಲದ್ದು ಯಾರಿಗೂ ಹೊಳೆಯುವುದಿಲ್ಲ. ಎಲ್ಲೋ ಏನೋ ಸರಿಯಿಲ್ಲ ಎಂದು ಮಾತ್ರ ಅನ್ನಿಸುತ್ತದೆ, ಸನ್ಮಾನ ಮುಗಿಯುವವರೆಗೂ ಅನ್ನಿಸುತ್ತಲೇ ಇರುತ್ತದೆ. ಅವನಿಗೆ ಅಷ್ಟು ಸಾಲದು ಎಂದು ಅವಳು ಕಿವಿಯನ್ನು ಉಳಿಸಿದಳು. ಸುರಪುರದ ಬಸ್ ನಿಲ್ದಾಣದ ಎದುರು ಭಾಗಣ್ಣನ ಫ್ಲೆಕ್ಸ್ ಅಂಗಡಿಯಲ್ಲಿ ಆರು ವರ್ಷದಿಂದ ಅವಳ ಕೆಲಸ ಇದೇ: ಮುಖಗಳನ್ನು ಅವುಗಳ ಹಿಂದಿನ ಗೋಡೆ, ಬಾಗಿಲು, ಪಕ್ಕದಲ್ಲಿ ನಿಂತ ಹೆಂಡತಿಯರಿಂದ ಬಿಡಿಸಿ ತೆಗೆದು ಹೂವಿನ ಹಾರಗಳ ನಡುವೆ ಕೂರಿಸುವುದು. ದೊಡ್ಡವರದು ದೊಡ್ಡದು, ಉಳಿದವರದು ಕೆಳಗೆ ಸಾಲಾಗಿ. ಆ ಸಾಲಿನಲ್ಲಿ ಯಾರದು ಯಾರ ಪಕ್ಕ ಬಂತು, ಯಾರದು ಎರಡು ಬೆರಳು ಕಿರಿದಾಯಿತು ಎಂಬ ಮಾತಿಗೆ ಅಂಗಡಿಯ ಮೆಟ್ಟಿಲ ಮೇಲೆ ಗಂಡಸರು ಅಂಗಿ ಹರಿದುಕೊಂಡದ್ದನ್ನು ಅವಳು ಕಂಡಿದ್ದಳು. ಕಂಡು ನಕ್ಕಿದ್ದಳು ಕೂಡ.

"ಏ ತಂಗಿ, ಸಾವ್ಕಾರ್ರ ಮಗನ ಮಾರಿ ಇನ್ನೂ ಆಗಿಲ್ಲೇನು?" ಭಾಗಣ್ಣ ಮುದ್ರಣದ ಯಂತ್ರದ ಹಿಂದಿನಿಂದ ಕೂಗಿದ. "ಹನ್ನೊಂದಾತು. ಮೂರಕ್ಕ ಮಂಟಪದಾಗ ಕಟ್ಟಬೇಕು."

"ಆಗಾಕತ್ತದ್ರಿ."

"ಸ್ವಲ್ಪ ಬೆಳ್ಳಗ ಮಾಡು. ಹೈದ್ರಾಬಾದದಾಗ ಇರೋ ಮನಷ್ಯಾ, ಹಿಂಗ್ಯಾಕ ಹೊಲದಾಗ ಸುಟ್ಟಂಗ ಕಾಣ್ತಾನ?"

"ಇದ್ದಂಗ ಇರ್ಲಿ ಬಿಡ್ರಿ."

"ಇದ್ದಂಗ ಇಟ್ರ ಯಾವನ್ ರೊಕ್ಕ ಕೊಡ್ತಾನವಾ? ಇದ್ದಂಗ ನೋಡ್ಲಾಕ ಮನ್ಯಾಗ ಕನ್ನಡಿ ಅದ."

ಅವಳು ಬೆಳ್ಳಗೆ ಮಾಡಿದಳು. ಕೆನ್ನೆ ಹೊಳೆಯಿತು. ಅದರ ಕೆಳಗೆ, ಸುರಪುರ ಬಜಾರಿನ ವ್ಯಾಪಾರಸ್ಥರು ಬರೆದುಕೊಟ್ಟಂತೆಯೇ, 'ಕೊನೆ ತೂಬು ಆಟದ ನಿರ್ಮಾತೃ, ನಮ್ಮೂರ ಹೆಮ್ಮೆಯ ಪುತ್ರ' ಎಂದು ಅಕ್ಷರ ಜೋಡಿಸಿದಳು. ನಿರ್ಮಾತೃ ಎಂಬ ಶಬ್ದದ ಮೇಲೆ ಕರ್ಸರ್ ಮಿಣುಕುತ್ತಿತ್ತು. ಒಳಜೇಬಿನಲ್ಲಿದ್ದ ಪೆನ್‌ಡ್ರೈವನ್ನು ಅವಳು ಕುಪ್ಪಸದ ಮೇಲಿನಿಂದಲೇ ಒಮ್ಮೆ ಮುಟ್ಟಿ ನೋಡಿಕೊಂಡಳು. ಮಂಟಪದ ಪರದೆ, ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಮೂರೂ ಭಾಗಣ್ಣನ ಅಂಗಡಿಯವು. ಲ್ಯಾಪ್‌ಟಾಪಿನ ಮುಂದೆ ಕೂರುವವಳು ಅವಳು. ಸನ್ಮಾನದಲ್ಲಿ ತೋರಿಸಲು ಯಾವ ವಿಡಿಯೋ ಬೇಕೆಂದು ಭಾಗಣ್ಣ ಫೋನು ಮಾಡಿ ಕೇಳಿದಾಗ ಲಿಂಗಣ್ಣ ಹೇಳಿದ್ದ: "ಹಳೇದಽ ಹಾಕ್ರಿ. ಅದು ಚೆಂದ ಅದ." ಫೋನಿನಲ್ಲಿ ಆಡುವ ಆ ಆಟ ಬಿಡುಗಡೆಯಾಗಿ ಮೂರು ತಿಂಗಳಾದ ಮೇಲೂ, ಬಿಡುಗಡೆಗೆ ಹನ್ನೊಂದು ತಿಂಗಳು ಮೊದಲಿನ ವಿಡಿಯೋ. ಆ ಒಂದು ಮಾತು ಸ್ಪೀಕರಿನಲ್ಲಿ ಕಿವಿಗೆ ಬಿದ್ದಾಗಲೇ ಅವಳು ಈ ದಿನವನ್ನು ನಿಶ್ಚಯಿಸಿದ್ದಳು.

ಆ ವಿಡಿಯೋ ಎರಡು ನಿಮಿಷ ಹತ್ತು ಸೆಕೆಂಡಿನದು. ಎರಡು ಸಾವಿರದ ಹದಿನಾರರ ಡಿಸೆಂಬರಿನಲ್ಲಿ ಹೈದರಾಬಾದಿನಲ್ಲಿರುವ ಲಿಂಗಣ್ಣನ ಸಣ್ಣ ಕಂಪನಿ ಅದನ್ನು ಹೊರಬಿಟ್ಟಿತು. ಕಾಲುವೆಯ ಕೊನೆಯ ಹಳ್ಳಿಯ ಹುಡುಗಿಯೊಬ್ಬಳು ತನ್ನ ಹೊಲಕ್ಕೆ ನೀರು ಯಾಕೆ ಬರುತ್ತಿಲ್ಲವೆಂದು ದಂಡೆಗುಂಟ ಮೇಲಕ್ಕೆ ನಡೆಯುತ್ತ, ಒಂದೊಂದೇ ತೂಬು ದಾಟಿ ಹೋಗುವ ಆಟ. ವಿಡಿಯೋದಲ್ಲಿ ಕಾಲುವೆಯ ನೀರು ನೀರಿನಂತೆಯೇ ಇತ್ತು: ಮಣ್ಣಿನ ಬಣ್ಣ, ಸಿಮೆಂಟಿನ ಅಂಚಿಗೆ ಬಂದು ಮಡಚಿಕೊಳ್ಳುವ ನೊರೆ, ಅದರಲ್ಲಿ ತಲೆಕೆಳಗಾದ ಜಾಲಿ. ಜೋಳದ ಹೊಲದ ಮೇಲೆ ಗಾಳಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವುದು ಕಾಣುತ್ತಿತ್ತು. ಗದ್ದೆಯಲ್ಲಿ ಹದಿನಾಲ್ಕು ಹೆಂಗಸರು ಸಾಲಾಗಿ ಬಗ್ಗಿ ನೆಲ್ಲು ಹಚ್ಚುತ್ತಿದ್ದರು. ಹುಡುಗಿ ಬದುವಿನ ಮೇಲೆ ಬಂದರೆ ಒಬ್ಬೊಬ್ಬರಾಗಿ ತಲೆಯೆತ್ತಿ ನೋಡುತ್ತಿದ್ದರು. ಆ ನೀರು, ಆ ಗಾಳಿ, ಆ ಹೆಂಗಸರು ಮಾನಮ್ಮನ ಕೆಲಸ. ಶಹಾಪುರದಲ್ಲಿ ನಡೆದ ಹತ್ತು ದಿನದ ತರಬೇತಿಯಲ್ಲಿ ಲಿಂಗಣ್ಣ ಅವಳ ಕೈಚಳಕ ನೋಡಿ, ಬಾಡಿಗೆಯ ಕಂಪ್ಯೂಟರ್ ಕೊಡಿಸಿ, ಹದಿನಾಲ್ಕು ತಿಂಗಳು ಮಾಡಿಸಿಕೊಂಡಿದ್ದ. ಆದರೆ ವಿಡಿಯೋದಲ್ಲಿದ್ದದ್ದು ಆಟವಲ್ಲ. ಅದು ಲಕ್ಷ ರೂಪಾಯಿ ಬೆಲೆಯ ಯಂತ್ರದಲ್ಲಿ ಓಡಿಸಿ ಹಿಡಿದ ಚಿತ್ರ. ಜನ ಆಟವನ್ನು ಆಡಬೇಕಾದದ್ದು ಏಳು ಸಾವಿರದ ಫೋನಿನಲ್ಲಿ. ಇದು ಲಿಂಗಣ್ಣನಿಗೆ ಮೊದಲ ದಿನವೇ ಗೊತ್ತಿತ್ತು. ಅವಳಿಗೂ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದು ಅವಳು ಬಹಳ ದಿನ ಹೇಳಿಕೊಂಡಿದ್ದಳು.

ಆ ಹೆಂಗಸರು ಕಕ್ಕೇರಾದ ಅವರ ಓಣಿಯ ನಾಟಿ ಗುಂಪಿನವರು, ಅವಳ ಅವ್ವ ಕರೆಮ್ಮ ಇದ್ದ ಗುಂಪು. ಮುಖಗಳ ಫೋಟೋ ತೆಗೆಯಲು ಅವಳು ಒಂದು ರವಿವಾರ ಬೆಳಿಗ್ಗೆ ಅವರನ್ನು ಶಾಲೆಯ ಸುಣ್ಣದ ಗೋಡೆಯ ಮುಂದೆ ನಿಲ್ಲಿಸಿದ್ದಳು. ಗದ್ದೆಯಲ್ಲಿರುವಂತೆಯೇ ಬನ್ನಿ ಎಂದರೂ ಎಲ್ಲರೂ ಮದುವೆಯ ಸೀರೆ ಉಟ್ಟು, ಪೌಡರು ಬಳಿದುಕೊಂಡು ಬಂದಿದ್ದರು. ಪೌಡರು ತೊಳೆಸಲು ಒಂದು ಗಂಟೆ ಹಿಡಿಯಿತು. ನಗಬಾರದು, ಅಳಬಾರದು, ಸುಮ್ಮನೆ ಇರಬೇಕು ಎಂದಳು. ಸುಮ್ಮನಿರುವುದು ಒಬ್ಬರಿಂದಲೂ ಆಗಲಿಲ್ಲ. "ಸತ್ತಾಗ ಇರ್ತೀನಿ ತಗೋ ಸುಮ್ಮ," ಎಂದಿದ್ದಳು ಖಾಸಿಂಬೀ, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು, ಸಾಲಿನ ತುದಿಯಲ್ಲಿ ನಿಂತು ಉಳಿದವರ ವೇಗ ಕಾಯುವವಳು. ಮುಖದ ತುಂಬ ಸಿಡುಬಿನ ಕಲೆ. "ಬೇಟೀ, ಇವು ಕಲಿ ತೆಗೀಬ್ಯಾಡ ನೋಡು. ಇವು ತೆಗದ್ರ ನಾ ಯಾರಂತ ನನ್ನ ಗಂಡನಿಗೂ ತಿಳೀಯಂಗಿಲ್ಲ." ತೆಗೆಯುವುದಿಲ್ಲ ಕಾಕಿ, ಒಂದು ಕಲೆಯೂ ತೆಗೆಯುವುದಿಲ್ಲ ಎಂದು ಮಾನಮ್ಮ ಮಾತು ಕೊಟ್ಟಿದ್ದಳು. ಒಬ್ಬೊಬ್ಬರದು ಐದು ಫೋಟೋ. ಲಾಲಮ್ಮನ ಮೆಳ್ಳಗಣ್ಣು, ಗೊಲ್ಲಾಳಮ್ಮನ ಮುರಿದ ಹಲ್ಲು, ಆರನೆಯವಳಾಗಿ ಅವ್ವ, ಮಗಳ ಕ್ಯಾಮೆರಾದ ಎದುರು ನಾಚಿಕೊಂಡು, ಗೋಡೆಗೆ ಇನ್ನಷ್ಟು ಒತ್ತಿ. ವಿಡಿಯೋ ಬಂದಾಗ ಓಣಿಯಲ್ಲಿ ಒಂದು ಫೋನಿಗೆ ಇಪ್ಪತ್ತು ತಲೆ ಬಾಗಿದ್ದವು. ಖಾಸಿಂಬೀ ಪರದೆಯ ಮೇಲೆ ತನ್ನ ಕಲೆಗಳನ್ನು ಬೆರಳಿನಿಂದ ಎಣಿಸಿದ್ದಳು.

ಆಟ ಬಂದದ್ದು ಮರುವರ್ಷ ನವೆಂಬರಿನಲ್ಲಿ. ನೀರು ನೀಲಿ ತಾಡಪತ್ರಿ ಹಾಸಿದಂತೆ ಬಿದ್ದಿತ್ತು. ಜೋಳ ಅಲುಗಾಡುತ್ತಿರಲಿಲ್ಲ, ಹತ್ತಿರ ಹೋದರೆ ಒಂದು ರಟ್ಟಿನ ಮೇಲೆ ಬರೆದ ಚಿತ್ರ, ಬದಿಗೆ ನಿಂತು ನೋಡಿದರೆ ಮಾಯ. ಗದ್ದೆಯಲ್ಲಿ ಹದಿನಾಲ್ಕು ಹೆಂಗಸರು ಇದ್ದರು. ಹದಿನಾಲ್ಕಕ್ಕೂ ಒಂದೇ ಮುಖ, ಕರೆಮ್ಮನದು. ಹದಿನಾಲ್ಕು ಕರೆಮ್ಮಂದಿರು ಒಟ್ಟಿಗೆ ತಲೆಯೆತ್ತಿ, ಒಟ್ಟಿಗೆ ಬಗ್ಗುತ್ತಿದ್ದರು.

"ನಿಮ್ಮವ್ವ ನೋಡು, ನಮ್ಮೆಲ್ಲಾರ ಮಾರಿ ನುಂಗಿ ಕುಂತಾಳ," ಎಂದಿದ್ದಳು ಲಾಲಮ್ಮ, ನಳದ ಹತ್ತಿರ ಎಲ್ಲರ ಮುಂದೆ. "ಒಬ್ಬಾಕಿನಽ ಹದಿನಾಲ್ಕು ಮಂದಿ ನೆಲ್ಲು ಹಚ್ತಾಳಂತ. ನಾಳಿಯಿಂದ ನಾವು ಮನ್ಯಾಗಿರೋಣ್ರೇ." ನಕ್ಕರು. ಆಮೇಲೆ ನಗಲಿಲ್ಲ. ಗುಂಪಿನ ನಾಟಿಯಲ್ಲಿ ಒಬ್ಬಳು ಹಿಂದೆ ಬಿದ್ದರೆ ಎರಡೂ ಬದಿಯವರು ಅವಳ ಸಾಲನ್ನು ಹಂಚಿಕೊಂಡು ಮುಂದೆ ತರುವುದು ರೂಢಿ. ಕೇಳುವುದಿಲ್ಲ, ಹೇಳುವುದಿಲ್ಲ, ಕೈ ತಾನಾಗಿ ಆ ಕಡೆಗೆ ಹೋಗುತ್ತದೆ. ಈ ಜನವರಿಯ ನಾಟಿಯಲ್ಲಿ ಕರೆಮ್ಮ ಹಿಂದೆ ಬಿದ್ದಾಗ ಯಾವ ಕೈಯೂ ಬರಲಿಲ್ಲ. ಸಂಜೆ ಉಳಿದವರು ಬದುವಿನ ಮೇಲೆ ಕಾಲು ತೊಳೆಯುತ್ತಿದ್ದರೆ ಅವಳೊಬ್ಬಳೇ ಗದ್ದೆಯ ನಡುವೆ ತನ್ನ ಸಾಲು ಮುಗಿಸುತ್ತಿದ್ದಳು. ಮನೆಗೆ ಬಂದು ಇದನ್ನು ಹೇಳಿದ್ದೂ ಇಲ್ಲ. ಬೇರೆ ಯಾರೋ ಹೇಳಿದರು. ನಳದ ಹತ್ತಿರ ಮಾತ್ರ ಅವ್ವ ಸೊಂಟಕ್ಕೆ ಕೈಯಿಟ್ಟು ಕೂಗುತ್ತಿದ್ದಳಂತೆ: "ನನ್ನ ಮಗಳು ಹಂಗ ಮಾಡಾಕಿ ಅಲ್ಲ. ಆ ಕಂಪನಿ ಮಂದಿ ಮಾಡ್ಯಾರ. ಆ ಸಾವ್ಕಾರ್ರ ಮಗ ಮಾಡ್ಯಾನ."

ಸಾವ್ಕಾರ್ರ ಮಗ ಮಾಡಿದ. ಈ ಮಾತನ್ನು ಮಾನಮ್ಮ ಮೂರು ತಿಂಗಳು ಬಾಯಲ್ಲಿಟ್ಟುಕೊಂಡು ಚೀಪಿದ್ದಳು. ಅದರ ರುಚಿ ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು. ಲಿಂಗಣ್ಣನ ಮನೆಗೆ ಕೆಲಸದ ಮೇಲೆ ಹೋದಾಗಲೆಲ್ಲ ಎಲ್ಲರಿಗೂ ಸ್ಟೀಲಿನ ಲೋಟ ಬಂದು ತನಗೊಂದು ಕಾಗದದ ಕಪ್ಪು ಬರುತ್ತಿದ್ದದ್ದು, ಅವನು ಅದನ್ನು ನೋಡಿಯೂ ಫೋನಿನಲ್ಲಿ ಏನನ್ನೋ ಹುಡುಕುತ್ತಿದ್ದದ್ದು, ವಿಡಿಯೋದ ಕೊನೆಯಲ್ಲಿ ಹೆಸರುಗಳು ಬರುವಾಗ ಅವಳದು ಬರದೇ ಹೋದದ್ದು, ಕೇಳಿದರೆ "ಮುಂದಿನ ಸಲ ಹಾಕೋಣು ತಂಗಿ" ಎಂದದ್ದು, ಎಲ್ಲವೂ ಆ ಒಂದು ಮಾತಿಗೆ ಬಂದು ಕೂಡಿಕೊಂಡವು. ಅವಳು ಎರಡು ವಿಡಿಯೋಗಳನ್ನು ಅಕ್ಕಪಕ್ಕ ಜೋಡಿಸಿದಳು. ಎಡಕ್ಕೆ ತೋರಿಸಿದ್ದು, ಬಲಕ್ಕೆ ಕೊಟ್ಟದ್ದು. ಅದೇ ತೂಬು, ಅದೇ ಬದು, ಅದೇ ಹೊತ್ತು. ಎಡದಲ್ಲಿ ಹುಡುಗಿ ಬಲಗಾಲು ಎತ್ತಿದರೆ ಬಲದಲ್ಲೂ ಬಲಗಾಲೇ ಎತ್ತಬೇಕು, ಇಲ್ಲವಾದರೆ ನೋಡುವವರು ಇದು ಮೋಸ ಎನ್ನುತ್ತಾರೆ. ಅಂಥ ಒಂದು ಹೆಜ್ಜೆಗಾಗಿ ಅವಳು ಆಟವನ್ನು ನಲವತ್ತು ಸಲ ಆಡಿದಳು. ಇಷ್ಟು ಪ್ರಾಮಾಣಿಕವಾಗಿ ಅವಳು ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ. ಆಮೇಲೆ ಕಕ್ಕೇರಾಕ್ಕೆ ಹೋಗಿ ಗುಂಪಿನ ಹೆಂಗಸರಿಗೆ ಹೇಳಿದಳು: ನಿಮ್ಮ ಮುಖ ಅಳಿಸಿದವನು ಬರುತ್ತಿದ್ದಾನೆ, ಬಂದು ಕೇಳಿ. ಬರುತ್ತೇವೆ ಎಂದರು. ಒಂದು ದಿನದ ಕೂಲಿ ಬಿಟ್ಟು ಬರುತ್ತಾರೆ. ಅವ್ವನೂ ಬರುತ್ತಾಳೆ. ಎಲ್ಲರಿಗಿಂತ ಮುಂಚೆ ತಯಾರಾದವಳೇ ಅವ್ವ.

ಮುದ್ರಣದ ಯಂತ್ರ ಲಿಂಗಣ್ಣನ ಹಣೆಯನ್ನು ಒಂದೊಂದು ಗೆರೆಯಾಗಿ ಹೊರಗೆ ಹಾಕುತ್ತಿತ್ತು. ಅಂಗಡಿಗೆ ಬಂದ ಹುಡುಗಿಯೊಬ್ಬಳಿಗೆ ಪಾಸ್‌ಪೋರ್ಟ್ ಫೋಟೋ ಬೇಕಿತ್ತು. ಮಾನಮ್ಮ ಕೂರಿಸಿ ತೆಗೆದು, ಒಂದು ಹಾಳೆಯನ್ನು ಅಡ್ಡ ನಾಲ್ಕು ಉದ್ದ ನಾಲ್ಕು ಮನೆ ಮಾಡಿ, ಹದಿನಾರು ಸಲ ಆ ಮುಖವನ್ನು ಕೂರಿಸಿದಳು. ಕೂರಿಸುತ್ತಿದ್ದಂತೆ ಬೆನ್ನಿನಲ್ಲಿ ಬೆವರು ಒಡೆಯಿತು. ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ದಿನಕ್ಕೆ ಹತ್ತು ಸಲ ಹೀಗೆಯೇ ಆಗುತ್ತಿತ್ತು. ಕಳೆದ ಅಕ್ಟೋಬರ್ ಒಂಬತ್ತು, ಸೋಮವಾರ, ಇದೇ ಕುರ್ಚಿ. ಲಿಂಗಣ್ಣನ ಇ-ಮೇಲ್ ಪತ್ರ ಬಂದಿತ್ತು: ಫೋನಿನಲ್ಲಿ ಹದಿನಾಲ್ಕು ಮುಖ ಓಡುವುದಿಲ್ಲ, ಒಂದು ಮುಖದ ಚಿತ್ರಕ್ಕೆ ಮಾತ್ರ ಜಾಗವಿದೆ, ಅದನ್ನೇ ಎಲ್ಲರಿಗೂ ಹೊದಿಸಬೇಕು, ನಿಮ್ಮವರು, ನೀನೇ ಆರಿಸು, ಬೇಡವಾದರೆ ನಮ್ಮಲ್ಲಿ ಸಿದ್ಧವಿರುವ ಯಾವುದೋ ಒಂದು ಮುಖ ಹಾಕುತ್ತೇವೆ. ಅವಳು ನಾಲ್ಕು ನಿಮಿಷದಲ್ಲಿ ಉತ್ತರ ಬರೆದಳು. 'ಆರನೇ ಮುಖ ಇಡಿ ಸರ್.' ಆ ಒಂದು ಚಿತ್ರದ ಜಾಗವನ್ನು ಹದಿನಾರು ಮನೆ ಮಾಡಿದರೆ ಹದಿನಾಲ್ಕೂ ಮುಖ ಕೂರುತ್ತವೆ, ಎರಡು ಮನೆ ಮಿಕ್ಕುತ್ತವೆ. ಇದು ಆಮೇಲೆ ಹೊಳೆದದ್ದಲ್ಲ. ಆ ನಾಲ್ಕು ನಿಮಿಷದಲ್ಲೇ ಹೊಳೆದಿತ್ತು. ಹಾಗೆ ಮಾಡಿದರೆ ಎಲ್ಲ ಮುಖವೂ ಮಸುಕಾಗುತ್ತವೆ, ಅವ್ವನದೂ ಮಸುಕಾಗುತ್ತದೆ ಎಂಬುದೂ ಹೊಳೆದಿತ್ತು. ಅವ್ವನ ಮುಖ ಸ್ಪಷ್ಟವಾಗಿ ಇರಲಿ ಎನ್ನಿಸಿತು. ಅಷ್ಟೇ. ಇಷ್ಟು ಸಣ್ಣ ಆಸೆಯನ್ನು ಯಾರಾದರೂ ಅಪರಾಧ ಎನ್ನುತ್ತಾರೆಯೇ? ಆದರೆ ಒಂದು ಮುಖಕ್ಕೆ ಮಾತ್ರ ಜಾಗ ಬರುವ ಸ್ಥಿತಿ ತಂದವರು ಯಾರು? ಲಾಭಕ್ಕಾಗಿ ಸುಳ್ಳು ವಿಡಿಯೋ ತೋರಿಸಿದವರು ಯಾರು? ಅವಳು ಹುಡುಗಿಯ ಫೋಟೋಗಳನ್ನು ಕತ್ತರಿಸಿ ಕೊಟ್ಟಳು. ಕತ್ತರಿ ನೆಟ್ಟಗೆ ಹೋಯಿತು.

ನಾಲ್ಕಕ್ಕೆ ಮಂಟಪ ತುಂಬಿತ್ತು. ಹೆಂಗಸರು ಟಂಟಂ ಆಟೋದಲ್ಲಿ ಬಂದು ಇಳಿದು, ಹಿಂದಿನ ಕುರ್ಚಿಗಳಲ್ಲಿ ಗುಂಪಾಗಿ ಕೂತರು. ಕರೆಮ್ಮ ಒಂದು ಕುರ್ಚಿ ಬಿಟ್ಟು ಕೂತಳು. ಲಿಂಗಣ್ಣ ಒಳಗೆ ಬರುವಾಗ ಲ್ಯಾಪ್‌ಟಾಪಿನ ಹತ್ತಿರ ಒಂದು ನಿಮಿಷ ನಿಂತ. ನಿಜವಾಗಿಯೂ ಕಪ್ಪಗೇ ಇದ್ದ, ಸೊರಗಿದ್ದ.

"ಆರಾಮ ಇದ್ದೀ ಮಾನಮ್ಮ?"

"ಆರಾಮ್ರಿ ಸರ್."

"ಆಟ ಅಷ್ಟು ನಡೀಲಿಲ್ಲ ಬಿಡು. ಮಂದಿ ಬೈಯಾಕತ್ತಾರ. ಇವರಿಗೆ ಇನ್ನೂ ಗೊತ್ತಿಲ್ಲ," ಎಂದು ವೇದಿಕೆಯ ಕಡೆ ಕಣ್ಣು ಮಾಡಿ ಸಣ್ಣಗೆ ನಕ್ಕ. ಆ ನಗೆಯಲ್ಲಿ ಅವಳನ್ನೂ ಸೇರಿಸಿಕೊಂಡಿದ್ದ. ಅದೇ ಅವಳಿಗೆ ಸಹಿಸಲಾಗಲಿಲ್ಲ. ಸೋತ ಮೇಲೆ ನೆನಪಾಗುವ ಪಾಲುದಾರಳು ನಾನು.

ಶಾಲು ಹೊದಿಸಿದರು, ಹಾರ ಹಾಕಿದರು. ವ್ಯಾಪಾರಸ್ಥರ ಅಧ್ಯಕ್ಷ ಮಲ್ಲಣ್ಣ, ಜೀವನದಲ್ಲಿ ಒಂದು ಆಟವನ್ನೂ ಆಡದವನು, ಕಾಲು ಗಂಟೆ ಮಾತಾಡಿದ. ದೀಪ ಆರಿತು. ಅವಳು ಪೆನ್‌ಡ್ರೈವ್ ಹಾಕಿದಳು.

ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ಎರಡು ಚಿತ್ರ ಯಾಕೆ ಎಂದು ಯಾರೋ ಕೇಳಿದರು. ಎಡದಲ್ಲಿ ನೀರು ಹರಿಯಿತು, ಬಲದಲ್ಲಿ ತಾಡಪತ್ರಿ ಬಿದ್ದಿತ್ತು. ಮುಂದೆ ಕೂತ ಕಾಲೇಜಿನ ಹುಡುಗರಲ್ಲಿ ಒಬ್ಬ ಕಿಸಕ್ಕೆಂದ. ಆಮೇಲೆ ಸಾಲು ಸಾಲೇ ನಕ್ಕಿತು. "ಏ, ಕಾಲುವಿ ಬಂದ್ ಮಾಡ್ಯಾರೋ!" ಎಂದು ಹಿಂದಿನಿಂದ ಕೂಗು ಬಂತು. ಮಾನಮ್ಮ ಪರದೆಯನ್ನು ನೋಡಲಿಲ್ಲ, ಲಿಂಗಣ್ಣನನ್ನು ನೋಡುತ್ತಿದ್ದಳು. ಪರದೆಯ ಬೆಳಕು ಅವನ ಮುಖದ ಮೇಲೆ ಬಣ್ಣ ಬದಲಿಸುತ್ತಿತ್ತು. ಅವನು ಹಾರವನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಮೂರು ತಿಂಗಳಲ್ಲಿ ಅವಳು ಊಹಿಸಿಕೊಂಡದ್ದಕ್ಕಿಂತ ಅದು ಚೆನ್ನಾಗಿತ್ತು. ಗದ್ದೆ ಬಂತು. ಎಡದಲ್ಲಿ ಹದಿನಾಲ್ಕು ಮುಖ ಒಂದೊಂದಾಗಿ ಎದ್ದವು. ಬಲದಲ್ಲಿ ಒಂದೇ ಮುಖ ಹದಿನಾಲ್ಕು ಸಲ ಎದ್ದಿತು. ನಗು ನಿಂತಿತು. ಕತ್ತಲಲ್ಲಿ ಒಂದು ಕುರ್ಚಿ ಸರಿದ ಸದ್ದು.

"ಎಪ್ಪಾ, ಸಾವ್ಕಾರ್ರ ಮಗನ," ಖಾಸಿಂಬೀ ಎದ್ದು ನಿಂತಿದ್ದಳು. "ಆ ಕಡಿ ನಾ ಅದೀನಿ. ಈ ಕಡಿ ನನ್ನ ಮಾರಿ ಎಲ್ಲದ? ತೆಗದಾಂವ ಯಾವ?"

ಯಾರೋ ದೀಪ ಹಾಕಿದರು. ಮಲ್ಲಣ್ಣ "ಏ ಕೂಡವಾ, ಕೂಡು" ಎನ್ನುತ್ತಿದ್ದಂತೆ ಲಿಂಗಣ್ಣ ಮೈಕಿನ ಹತ್ತಿರ ಬಂದ. ಮಾನಮ್ಮನನ್ನು ನೋಡಿದ. ಈಗ ಹೇಳುತ್ತಾನೆ. ಹೇಳಲಿ; ಹದಿನಾರು ಮನೆಯ ಮಾತು ಅವನಿಗೂ ಹೊಳೆಯಬೇಕಿತ್ತಲ್ಲ, ಅವನು ದೊಡ್ಡವನಲ್ಲವೇ ಎಂದು ಕೇಳುವುದಕ್ಕೆ ಅವಳು ಮಾತು ಜೋಡಿಸಿಟ್ಟಿದ್ದಳು.

"ತಪ್ಪು ಆಗ್ಯಾದ ಯವ್ವಾ," ಎಂದ ಲಿಂಗಣ್ಣ. "ಫೋನಿನ್ಯಾಗ ಹಿಡೀಲಿಲ್ಲ. ತೆಗದಾಂವ ನಾನಽ. ಬ್ಯಾರೆ ಯಾರದೂ ತಪ್ಪಿಲ್ಲ."

ವೇದಿಕೆ ಇಳಿದು ಬಂದು, ತನ್ನ ಹೆಗಲ ಶಾಲನ್ನು ತೆಗೆದು ಖಾಸಿಂಬೀಗೆ ಹೊದಿಸಿದ. ಮಂಟಪ ಚಪ್ಪಾಳೆ ತಟ್ಟಿತು. ತಾಡಪತ್ರಿಗೆ ನಕ್ಕಿದ್ದ ಹುಡುಗರೇ ಎದ್ದು ನಿಂತು ತಟ್ಟಿದರು. "ಇದು ನೋಡ್ರಿ ಸಂಸ್ಕಾರ ಅಂದ್ರ!" ಎಂದ ಮಲ್ಲಣ್ಣ ಮೈಕಿನಲ್ಲಿ. ಖಾಸಿಂಬೀ ಶಾಲಿನ ಅಂಚು ಹಿಡಿದು, "ಇರ್ಲಿ ಬಿಡಪಾ, ಇರ್ಲಿ ಬಿಡು" ಎಂದಳು. ಹೆಂಗಸರು ಕರೆಮ್ಮನ ಕಡೆ ತಿರುಗಿದರು; ಲಾಲಮ್ಮ ನಡುವಿನ ಖಾಲಿ ಕುರ್ಚಿಗೆ ಸರಿದು ಕೂತು ಅವಳ ಕೈ ಹಿಡಿದಳು. ಎಲ್ಲವೂ ಸರಿಯಾಗಿತ್ತು. ಅವ್ವನ ಮೇಲಿನ ಮಾತು ತೊಳೆದುಹೋಗಿತ್ತು. ಮಾನಮ್ಮ ಸುಮ್ಮನೆ ತಂತಿ ಸುತ್ತಿ ಮನೆಗೆ ಹೋಗಬಹುದಿತ್ತು. ಆದರೆ ಲಿಂಗಣ್ಣ ತಿರುಗಿ ಅವಳ ಕಡೆ ಒಮ್ಮೆ ತಲೆಯಾಡಿಸಿದ, ಆಯಿತು ಹೋಗು ಎಂಬಂತೆ, ಮನೆಯ ಕೆಲಸದವಳು ಒಡೆದ ಬಟ್ಟಲನ್ನು ನೋಡಿಯೂ ನೋಡದಂತೆ ಬಿಟ್ಟ ಯಜಮಾನನಂತೆ. ಅವಳು ಮಾಡಿದ್ದನ್ನೂ ಅವನೇ ತೆಗೆದುಕೊಂಡಿದ್ದ. ನೀರು, ಗಾಳಿ, ಹೆಸರು, ಈಗ ತಪ್ಪು ಕೂಡ. ಇನ್ನು ಸಾಯುವವರೆಗೆ ಈ ಮನುಷ್ಯನ ದೊಡ್ಡತನದ ಕೆಳಗೆ ಅವಳು ಬದುಕಬೇಕು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅವಳು ಎದ್ದು ಹೋಗಿ ಮಲ್ಲಣ್ಣನ ಕೈಯಿಂದ ಮೈಕು ತೆಗೆದುಕೊಂಡಳು.

"ಕಾಕಿ, ಆ ಶಾಲು ಇಳಸು."

ಖಾಸಿಂಬೀಗೆ ಕೇಳಿಸಲಿಲ್ಲವೇನೋ.

"ಇಳಸು ಅಂದೆ. ಅವರು ತೆಗೀಲಿಲ್ಲ. ನಾ ತೆಗದೀನಿ. ಯಾವ ಮುಖ ಇಡಬೇಕಂತ ಅವರು ನನಗ ಬರದು ಕೇಳಿದ್ರು. ನಮ್ಮವ್ವನ್ದು ಇಡ್ರಿ ಅಂತ ನಾನಽ ಬರದೀನಿ. ಎಲ್ಲಾರ್ದೂ ಸಣ್ಣದು ಮಾಡಿ ಕೂಡಸಾಕ ಬರ್ತಿತ್ತು. ನಂಗ ಗೊತ್ತಿತ್ತು. ಮಾಡ್ಲಿಲ್ಲ." ಫೋನು ತೆಗೆದು ಆ ಪತ್ರವನ್ನೂ ತನ್ನ ಉತ್ತರವನ್ನೂ, ಓದಲು ಬಾರದ ಹೆಂಗಸರಿಗೆ ಕೇಳುವಂತೆ, ತಾರೀಖು ಸಹಿತ ಓದಿದಳು. "ಈ ಸರ್ ಹೇಳಿದ್ದು ಸುಳ್ಳು. ನೀವು ಚಪ್ಪಾಳಿ ಹೊಡದದ್ದು ಸುಳ್ಳಿಗೆ."

ಲಿಂಗಣ್ಣ ನಡುದಾರಿಯಲ್ಲಿ ನಿಂತಿದ್ದ. ಹಾರವಿಲ್ಲ, ಶಾಲಿಲ್ಲ, ಮಾಡಿದ ತಪ್ಪೂ ಇಲ್ಲ. ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಒಂದರ ಮೇಲೊಂದು ಇಟ್ಟುಕೊಂಡ. ಅವಳು ಹತ್ತಿರ ಬಂದಾಗ ಸಣ್ಣ ದನಿಯಲ್ಲಿ ಕೇಳಿದ, "ಯಾಕ ಹೇಳಿದಿ ಮಾನಮ್ಮ? ನಾ ಮುಚ್ಚಿದ್ನಲ್ಲ."

"ಅದಕ್ಕಽ ಹೇಳೀನ್ರಿ."

ಹೆಂಗಸರು ಎದ್ದು ಹೊರಟಾಗಿತ್ತು. ಶಾಲು ಕುರ್ಚಿಯ ಮೇಲೆ ನೀಟಾಗಿ ಮಡಚಿ ಇತ್ತು. ಮಾನಮ್ಮ ಹೊರಗೆ ಓಡಿ ಬಂದಾಗ ಟಂಟಂ ಚಾಲೂ ಆಗಿತ್ತು. ಯಾರೂ ಅವಳನ್ನು ಬಯ್ಯಲಿಲ್ಲ. ಖಾಸಿಂಬೀ ಅವಳನ್ನು ನೋಡಿದಳು, ಬಹಳ ಹೊತ್ತು, ಗದ್ದೆಯಲ್ಲಿ ಮುಂದಿನ ಸಾಲಿನ ಅಳತೆ ನೋಡುವವಳಂತೆ. ಆಮೇಲೆ ಕೆಳಗೆ ಇನ್ನೂ ನಿಂತೇ ಇದ್ದ ಕರೆಮ್ಮನನ್ನು ನೋಡಿ, ಮೊಣಕಾಲು ಸರಿಸಿ ಜಾಗ ಮಾಡಿದಳು. ಕರೆಮ್ಮ ಹತ್ತಿದಳು.

"ಅವ್ವಾ, ನಿನ್ನ ಮುಖ ಇರ್ಲಿ ಅಂತ—"

"ನಾ ಕೇಳಿದ್ನೇನು ನಿಂಗ?" ಕರೆಮ್ಮ ಮಗಳ ಕಡೆ ತಿರುಗಲಿಲ್ಲ. "ಮೂರು ತಿಂಗಳು ನಳದ ಮುಂದ ನಿಂತು ಮಂದಿ ಕೂಡ ಜಗಳಾಡೀನಿ. ನನ್ನ ಮಗಳು ಹಂಗ ಮಾಡಾಕಿ ಅಲ್ಲ ಅಂತ." ಸೆರಗನ್ನು ಹಲ್ಲಿನಲ್ಲಿ ಕಚ್ಚಿ, ಬಿಟ್ಟು, ಹೇಳಿದಳು: "ನೀ ಬಸ್ಸಿಗೆ ಬಾ."

ಟಂಟಂ ಹೋಯಿತು. ಕಕ್ಕೇರಾದ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಒಳಗಿನಿಂದ ಭಾಗಣ್ಣ ಕೂಗುತ್ತಿದ್ದ, ಪರದೆ ಬಿಚ್ಚಬೇಕು, ನಾಳೆಯಿಂದ ನೀ ಬರಬೇಕೋ ಬ್ಯಾಡೋ ಆಮ್ಯಾಲ ನೋಡ್ತೀನಿ ಎಂದು. ಅವಳು ಮೆಟ್ಟಿಲ ಮೇಲೆ ನಿಂತು, ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಬಾಗಿಲ ಸಂದಿಯಲ್ಲಿ ಖಾಲಿ ಕುರ್ಚಿಗಳ ನಡುವೆ ಲಿಂಗಣ್ಣ ಇನ್ನೂ ನಿಂತಿರುವುದು ಕಾಣಿಸಿತು. ಮಲ್ಲಣ್ಣ ಅವನ ಕಡೆ ನೋಡದೆ ಚಪ್ಪಲಿ ಹುಡುಕುತ್ತಿದ್ದ. ದೂರದಿಂದ ಲಿಂಗಣ್ಣನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಹತ್ತಿರದಿಂದ ನೋಡಲು ಅವಳು ಒಳಗೆ ಹೋದಳು.